ಗಡಿಯ ಮೇಲಿನ ಸ್ವಾತಂತ್ರ್ಯ: ನರಗುಂದ, ರೋಣ, ಗಜೇಂದ್ರಗಡ



ಸ್ವಾತಂತ್ರ್ಯ ದಿನದ ಇತಿಹಾಸ ಮತ್ತು ಆಚರಣೆ ಕುರಿತು ಮಾತಾಡಬೇಕೆಂದು ಸಂಘಟಕರು ಕೇಳಿದಾಗ ಒಂದು ನಿಶ್ಚಯ ಮಾಡಿಕೊಂಡೆ. ದಿಲ್ಲಿಯಿಂದ ಮಾತು ಸುರು ಮಾಡಬಾರದು, ನಮ್ಮ ಗುಡ್ಡದ ಅಂಚಿನಿಂದ ಸುರು ಮಾಡಬೇಕು. ದಿಲ್ಲಿಯ ಕಥೆ ನಿಮಗೆ ಬಾಯಿಪಾಠವಾಗಿದೆ. ಅಲ್ಲಿಯೂ ಎಲ್ಲವೂ ಒಂದೇ ದಿನ ನಡೆದಿಲ್ಲ. ನೆಹರೂ ಅವರು ಮೊದಲ ಸಲ ಕೆಂಪುಕೋಟೆಯ ಮೇಲೆ ಧ್ವಜ ಏರಿಸಿದ್ದು 1947ರ ಆಗಸ್ಟ್ 16ರಂದು. ದೊಡ್ಡ ಘಟನೆಗಳು ಪಂಚಾಂಗದ ಒಂದು ಚೌಕದಲ್ಲಿ ಹಿಡಿಸುವುದಿಲ್ಲ. ನಮ್ಮ ಸೀಮೆಯಲ್ಲಂತೂ ಹಿಡಿಸಲೇ ಇಲ್ಲ.

1947ರ ಆಗಸ್ಟ್ 15, ಶುಕ್ರವಾರ. ರೋಣ, ನರಗುಂದ, ಗಜೇಂದ್ರಗಡ ಮೂರೂ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಬ್ರಿಟಿಷರು ತಾವೇ ಆಳುತ್ತಿದ್ದ ನೆಲ ಇದು. ಅವರು ಹೊರಟ ದಿನವೇ ಇಲ್ಲಿ ಸ್ವಾತಂತ್ರ್ಯ ಬಂತು. ಆದರೆ ಗಜೇಂದ್ರಗಡದ ಗುಡ್ಡಸಾಲು ದಾಟಿ ಪೂರ್ವಕ್ಕೆ ಇಳಿದರೆ ಕುಷ್ಟಗಿ, ಯಲಬುರ್ಗಾ. ಅವು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯ ತಾಲೂಕುಗಳು. ಅಲ್ಲಿ ಅದೇ ದಿನ ಅದೇ ಧ್ವಜ ಹಿಡಿದವನಿಗೆ ಸೆರೆಮನೆಯ ಬಾಗಿಲು ತೆರೆದಿತ್ತು. ಇತ್ತ ನರಗುಂದದಿಂದ ಮಲಪ್ರಭೆಯ ಕಡೆ ಹೋದರೆ ರಾಮದುರ್ಗ ಸಂಸ್ಥಾನ. ಭಾರತ ಒಕ್ಕೂಟಕ್ಕೆ ಸೇರುವ ಕರಾರು ಆಗಿದ್ದರೂ ಅಲ್ಲಿ ಗಾದಿ ಉಳಿದಿತ್ತು. ದಖ್ಖನಿನ ಉಳಿದ ಸಂಸ್ಥಾನಗಳ ಜತೆ ರಾಮದುರ್ಗ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ಕ್ಕೆ. ಹೈದರಾಬಾದಿನ ನಿಜಾಮರು ಶರಣಾದದ್ದು ಅದೇ ವರ್ಷದ ಸೆಪ್ಟೆಂಬರ್ 17ಕ್ಕೆ. ಒಂದು ಚಕ್ಕಡಿ ಕೆಲವೇ ದಿನಗಳಲ್ಲಿ ಸುತ್ತಬಹುದಾದ ಸೀಮೆಗೆ ಸ್ವಾತಂತ್ರ್ಯ ಮೂರು ಕಂತಿನಲ್ಲಿ ಬಂತು. ಈ ಮೂರೂ ಕಡೆಯ ಜನರ ಮಾತು ಒಂದು, ಹೊಲದ ಮಣ್ಣು ಒಂದು, ಹೆಣ್ಣು ಕೊಡುವುದು ತರುವುದು ಒಂದೇ ಬಳಗದೊಳಗೆ. ಹೀಗಿದ್ದೂ ಗಡಿ ಇಲ್ಲೇ ಯಾಕೆ ಬಿತ್ತು? ಇದಕ್ಕೆ ಉತ್ತರ ಸಿಗಬೇಕಾದರೆ ನರಗುಂದದ ಗುಡ್ಡ ಹತ್ತಬೇಕು.

ನರಗುಂದದ ಬಾಬಾಸಾಹೇಬರ ಕಥೆಯನ್ನು ನಾವು ಲಾವಣಿಯಲ್ಲಿ, ನಾಟಕದಲ್ಲಿ ಕೇಳುತ್ತಾ ಬೆಳೆದಿದ್ದೇವೆ. ಅದರಿಂದ ಅವರ ಕೈಯಲ್ಲಿನ ಕತ್ತಿ ಮಾತ್ರ ನಮ್ಮ ಕಣ್ಣಿಗೆ ಕಟ್ಟಿದೆ. ಭಾಸ್ಕರರಾವ್ ಭಾವೆ ಎಂಬುದು ಅವರ ಹೆಸರು. ಸಂಸ್ಕೃತದ ಮೂರು ನಾಲ್ಕು ಸಾವಿರ ಗ್ರಂಥಗಳು ಅವರ ಸಂಗ್ರಹದಲ್ಲಿದ್ದವೆಂದು, ಈ ಭಾಗದ ಸಂಸ್ಥಾನಿಕರೊಳಗೆ ಬುದ್ಧಿವಂತರೆಂದರೆ ಇವರೇ ಎಂದು ಬ್ರಿಟಿಷರ ಗೆಜೆಟಿಯರೇ ಬರೆದಿಟ್ಟಿದೆ. ಓದುವ ಮನುಷ್ಯ ಅವರು. ಗಂಡುಸಂತಾನ ಇರಲಿಲ್ಲ, ದತ್ತಕ ತಗೊಳ್ಳಲು ಅಪ್ಪಣೆ ಕೇಳಿದರು, ಕಂಪನಿ ಸರಕಾರ ಕೊಡಲಿಲ್ಲ. ಡಾಲ್‌ಹೌಸಿಯ ಕಾಲದ ಆ ನೀತಿ ಎಷ್ಟೋ ಗಾದಿಗಳನ್ನು ನುಂಗಿದ್ದನ್ನು ಅವರು ಕಂಡಿದ್ದರು. ಅದರ ಮೇಲೆ 1857ರ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಹಲಗಲಿಯ ಬೇಡರು ಅದೇ ಕಾಯ್ದೆಗೆ ಎದುರು ನಿಂತು ಆ ವರ್ಷದ ನವೆಂಬರಿನಲ್ಲಿ ಊರನ್ನೇ ಕಳಕೊಂಡಿದ್ದರು. ನರಗುಂದದ ತೋಪು, ಮದ್ದುಗಳನ್ನು ಧಾರವಾಡಕ್ಕೆ ಒಪ್ಪಿಸಿರೆಂಬ ಆಜ್ಞೆ ಬಂದಾಗ ಬಾಬಾಸಾಹೇಬರ ಮುಂದೆ ಎರಡೇ ದಾರಿ ಉಳಿದವು.

1858ರ ಮೇ ತಿಂಗಳ ಕೊನೆಯ ವಾರವನ್ನು ಈ ನೆಲದ ಪ್ರತಿಯೊಬ್ಬ ವಿದ್ಯಾರ್ಥಿ ಒಟ್ಟಿಗೆ ಇಟ್ಟು ಓದಬೇಕು. ಮೇ 24ಕ್ಕೆ ಮುಂಡರಗಿಯ ಭೀಮರಾಯರು ಡಂಬಳದ ಖಜಾನೆ ವಶ ಮಾಡಿಕೊಂಡು ಕೊಪ್ಪಳದ ಕೋಟೆ ಹಿಡಿದರು. ದಂಡು ಎತ್ತ ಹೋಗುವುದೆಂದು ಧಾರವಾಡ ಕಳವಳಗೊಂಡಿತ್ತು. ದಕ್ಷಿಣ ಮರಾಠಾ ಸಂಸ್ಥಾನಗಳ ರಾಜಕೀಯ ಏಜೆಂಟನಾಗಿದ್ದ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಅಲ್ಲಿಯ ಅರಸ ಬಾಬಾಸಾಹೇಬರಿಗೆ ಮಲಸಹೋದರ. ತಮ್ಮ ಜತೆ ಏಳಬೇಕೆಂದು ಬಾಬಾಸಾಹೇಬರು ಬರೆದಿದ್ದ ಪತ್ರವನ್ನು ಆ ಅರಸ ಮ್ಯಾನ್ಸನ್‌ನಿಗೆ ತೋರಿಸಿದ, ನರಗುಂದದ ಕಡೆ ಹೋಗಬೇಡಿರೆಂದೂ ಹೇಳಿದ. ಮೇ 29ರ ರಾತ್ರಿ ಮ್ಯಾನ್ಸನ್ ಸುರೇಬಾನದಲ್ಲಿ ಬಿಡಾರ ಮಾಡಿದ್ದಾಗ ನರಗುಂದದವರು ಮೇಲೆ ಬಿದ್ದರು. ಅವನ ರುಂಡ ನರಗುಂದದ ಅಗಸಿಗೆ ಬಂತು. ಜೂನ್ 1ಕ್ಕೆ ಕೊಪ್ಪಳದಲ್ಲಿ ಭೀಮರಾಯರು ಮಡಿದರು. ಅದೇ ಹೊತ್ತಿಗೆ ಬ್ರಿಟಿಷ್ ಅಧಿಕಾರಿ ಮಾಲ್ಕಮ್‌ನ ದಂಡು ನರಗುಂದದ ಮುಂದೆ ನಿಂತಿತ್ತು. ಕೋಟೆ ಉಳಿಯಲಿಲ್ಲ. ಬಾಬಾಸಾಹೇಬರು ತೊರಗಲ್ಲಿನ ಕಾಡಿನಲ್ಲಿ ಸಿಕ್ಕರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಿಗೇರಿದರು. ತಾಯಿ ಯಮುನಾಬಾಯಿ, ಹೆಂಡತಿ ಸಾವಿತ್ರಿಬಾಯಿ ಮಲಪ್ರಭೆಗೆ ದೇಹ ಒಪ್ಪಿಸಿದರು.

ರುಂಡ ಕಡಿದ ಆ ರಾತ್ರಿಯನ್ನು ಹಾಡಿ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಗಾದಿ, ಮನೆ, ಮಗನಾಗಬೇಕಾದವನ ಹಕ್ಕು ಎಲ್ಲವನ್ನೂ ಕಾಯ್ದೆಯ ಹೆಸರಿನಲ್ಲಿ ಕಿತ್ತುಕೊಂಡವರ ಎದುರು ಒಬ್ಬ ಗ್ರಂಥಪ್ರೇಮಿ ಎದ್ದು ನಿಂತದ್ದನ್ನು ನೆನೆದರೆ ಎದೆ ತುಂಬುತ್ತದೆ.

ಈಗ ನಕಾಶೆ ನೋಡಿರಿ. ದಂಗೆ ಎದ್ದದ್ದಕ್ಕೆ ಶಿಕ್ಷೆಯೆಂದು ನರಗುಂದ ಸಂಸ್ಥಾನವನ್ನು ಅಳಿಸಿ ಧಾರವಾಡ ಜಿಲ್ಲೆಗೆ ಸೇರಿಸಿದರು. ಪತ್ರ ತೋರಿಸಿದ ರಾಮದುರ್ಗಕ್ಕೆ ಗಾದಿ ಉಳಿಯಿತು. ಭೀಮರಾಯರಿಂದ ಬಿಡಿಸಿಕೊಂಡ ಕೊಪ್ಪಳ ನಿಜಾಮರ ಕೈಯಲ್ಲೇ, ಸಾಲಾರಜಂಗ ಮನೆತನದ ಜಹಗೀರಾಗಿಯೇ ಮುಂದುವರಿಯಿತು. ತೊಂಬತ್ತು ವರ್ಷ ಕಳೆದ ಮೇಲೆ ಬ್ರಿಟಿಷರು ಹೊರಟಾಗ, ಅವರು ನೇರವಾಗಿ ಆಳುತ್ತಿದ್ದ ಊರುಗಳಿಗೆ ಮೊದಲ ದಿನವೇ ಬಿಡುಗಡೆ. ಅವರು ಉಳಿಸಿಕೊಟ್ಟ ಗಾದಿಗಳ ಕೆಳಗಿದ್ದ ಜನ ಇನ್ನೂ ಕಾಯಬೇಕಾಯಿತು. ಅಂದರೆ 1947ರಲ್ಲಿ ನಮ್ಮ ಸೀಮೆಯಲ್ಲಿ ಯಾವ ಊರಿಗೆ ಯಾವ ತಾರೀಖು ಎಂಬುದು ಬಹುಮಟ್ಟಿಗೆ 1858ರ ಆ ವಾರದಲ್ಲೇ ತೀರ್ಮಾನವಾಗಿತ್ತು. ಬಾಬಾಸಾಹೇಬರು ಸೋತು ಕಳಕೊಂಡ ಸಂಸ್ಥಾನವೇ ಅವರ ಪ್ರಜೆಗಳ ಮೊಮ್ಮಕ್ಕಳಿಗೆ ಆಗಸ್ಟ್ 15ನ್ನು ಕೊಟ್ಟಿತು. ಗಾದಿ ಉಳಿದ ರಾಮದುರ್ಗದಲ್ಲಾದರೋ ಪ್ರಜೆಗಳು ತಮ್ಮ ಹಕ್ಕು ಕೇಳಿದ್ದಕ್ಕೆ 1939ರ ಏಪ್ರಿಲಿನಲ್ಲಿ ರಕ್ತ ಹರಿಯಿತು. ಆ ದುರಂತದಲ್ಲಿ ಎರಡೂ ಕಡೆ ಜೀವ ಹೋದವು, ಆಮೇಲೆ ಗಲ್ಲುಗಳಾದವು.

ನಡುವಿನ ಕಾಲವನ್ನು ಇಲ್ಲಿ ಬೇಗ ದಾಟುತ್ತೇನೆ. 1930ರ ಜನವರಿ 26ರಿಂದ 1947ರ ತನಕ ಕಾಂಗ್ರೆಸ್ಸಿನವರಿಗೆ ಸ್ವಾತಂತ್ರ್ಯ ದಿನವೆಂದರೆ ಜನವರಿ 26. ಆ ದಿನ ಬೆಳಿಗ್ಗೆ ಪ್ರಭಾತಫೇರಿ, ಪ್ರತಿಜ್ಞೆ, ಕೆಲವು ವರ್ಷಗಳಲ್ಲಿ ಲಾಠಿ. ಹುಬ್ಬಳ್ಳಿಯಿಂದ ಡಾ. ನಾ.ಸು. ಹರ್ಡೀಕರರು ಕಟ್ಟಿದ ಸೇವಾದಳ ಧ್ವಜವನ್ನು ಹೇಗೆ ಏರಿಸಬೇಕು, ಹೇಗೆ ಇಳಿಸಬೇಕು, ಅದರ ಮುಂದೆ ಹೇಗೆ ನಿಲ್ಲಬೇಕು ಎಂಬುದನ್ನು ಹಳ್ಳಿಯ ಹುಡುಗರಿಗೆ ಕಲಿಸಿತು. ಇಂದು ನಮ್ಮ ಶಾಲೆಗಳಲ್ಲಿ ನಡೆಯುವ ಧ್ವಜವಂದನೆಯ ಶಿಸ್ತಿನ ಬೇರು ಅಲ್ಲಿದೆ. ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಇದೇ ಗಾಳಿಯಲ್ಲಿ ಬೆಳೆದವರು. ಅವರಿಗೆ ದೇಶದ ಬಿಡುಗಡೆ ಮತ್ತು ಕನ್ನಡ ನಾಡಿನ ಏಕೀಕರಣ ಎರಡು ಬೇರೆ ಕೆಲಸಗಳಾಗಿರಲಿಲ್ಲ. ಒಂದೇ ಮನೆಯ ಜನ ಮೂರು ಆಡಳಿತಗಳಲ್ಲಿ ಹಂಚಿಹೋದ ಸೀಮೆಯಲ್ಲಿ ಹುಟ್ಟಿದವನಿಗೆ ಅವು ಬೇರೆಯಾಗಿ ಕಾಣುವುದಾದರೂ ಹೇಗೆ?

ಇನ್ನು 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರ ತನಕದ ಆ ಹದಿಮೂರು ತಿಂಗಳು. ನನ್ನ ಮಾತಿನ ತಿರುಳು ಇದೇ.

ಬ್ರಿಟಿಷರು ಹೋದ ಮೇಲೆ ತಾವು ಯಾರಿಗೂ ಸೇರದ ಸ್ವತಂತ್ರ ಅರಸರೆಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1947ರ ಜೂನಿನಲ್ಲೇ ಸಾರಿದ್ದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಆಗಸ್ಟ್ 7ಕ್ಕೆ ಭಾರತ ಒಕ್ಕೂಟ ಸೇರುವ ದಿನವನ್ನು ಆಚರಿಸಿತು. ಅದರ ನಾಯಕ ಸ್ವಾಮಿ ರಾಮಾನಂದ ತೀರ್ಥರನ್ನು ಆಗಸ್ಟ್ 15ರಂದೇ ಹಿಡಿದು ಒಳಗೆ ಹಾಕಿದರು. ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ಸನ್ಯಾಸಿ ಅವರು. ದೇಶ ಹಬ್ಬ ಮಾಡಿದ ದಿನ ಅವರಿಗೆ ಜೈಲು. ಆಮೇಲೆ ಸತ್ಯಾಗ್ರಹಗಳು ನಡೆದವು. ನಿಜಾಮ ಸರಕಾರದ ಅಬಕಾರಿ ಉತ್ಪನ್ನಕ್ಕೆ ಪೆಟ್ಟು ಕೊಡಲು ಜನ ಈಚಲ ಮರಗಳನ್ನು ಕಡಿದು ಕೆಡವಿದರು. ನಿಜಾಮರ ಪರ ನಿಂತ ಕಾಸಿಂ ರಜವಿಯ ಪಡೆಯಾದ ರಜಾಕಾರರ ಹಾವಳಿ ಹೆಚ್ಚಿತು. ನವೆಂಬರ್ 29ಕ್ಕೆ ಭಾರತ ಸರಕಾರಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾಯಿತು. ದಿಲ್ಲಿಗೆ ಅದು ಒಂದು ವರ್ಷದ ಅವಕಾಶ. ಗಡಿಯ ಹಳ್ಳಿಗಳಿಗೆ ಅದು ಒಂದು ವರ್ಷದ ಅಂಜಿಕೆ.

ಗಡಿಯೆಂದರೆ ಅಲ್ಲಿ ಬೇಲಿ ಇರಲಿಲ್ಲ. ಕರೋಡಗಿರಿ ನಾಕಾ ಇತ್ತು, ಸುಂಕ ಕಟ್ಟಿ ದಾಟಬೇಕು. ಆಚೆ ಹಾಲಿ ಸಿಕ್ಕಾ ನಡೆಯುತ್ತಿತ್ತು, ಈಚೆ ಕಲ್ದಾರ ರೂಪಾಯಿ. ಆಚೆ ಕಚೇರಿಯ ಕಾಗದವೆಲ್ಲ ಉರ್ದು, ಈಚೆ ಮರಾಠಿಯ ಕಾಟ ಇದ್ದರೂ ಕನ್ನಡ ಶಾಲೆಗಳಿದ್ದವು. ಆಚೆಯ ರೈತನಿಗೆ ಗಜೇಂದ್ರಗಡದ ಸಂತೆ ಹೊಸದೇನಲ್ಲ, ಕಾಲಕಾಲೇಶ್ವರನ ಜಾತ್ರೆ ಹೊಸದಲ್ಲ. ಹಾಗಾಗಿ ರಜಾಕಾರರ ಭಯಕ್ಕೆ ಊರು ಬಿಟ್ಟವರಿಗೆ ಎತ್ತ ಹೋಗಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಲು ತಾನೇ ಗುಡ್ಡದ ದಾರಿ ಹಿಡಿಯುತ್ತಿತ್ತು.

ಹೋರಾಟಗಾರರೂ ಈ ದಾರಿಯಲ್ಲೇ ಬಂದರು. ಸಂಸ್ಥಾನದೊಳಗೆ ಉಳಿದು ಕೆಲಸ ಮಾಡುವುದು ಅಸಾಧ್ಯವಾದಾಗ ಗಡಿಯ ಈಚೆಗೆ ಶಿಬಿರಗಳನ್ನು ಕಟ್ಟಿದರು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಮುಂದಾಳಾದರು. ಮುಂದೆ ಲೋಕಸಭೆಗೂ ಹೋದವರು ಅವರು. ಗಜೇಂದ್ರಗಡದ ಶಿಬಿರವನ್ನು ನಡೆಸಿದವರು ಪುಂಡಲೀಕಪ್ಪ ಜ್ಞಾನಮೋಠೆ. ಈ ಹೆಸರನ್ನು ಇಲ್ಲಿರುವ ಮಕ್ಕಳು ಬರೆದಿಟ್ಟುಕೊಳ್ಳಬೇಕು. ಶಿಬಿರದ ತರುಣರು ರಾತ್ರಿ ಗಡಿ ದಾಟುತ್ತಿದ್ದರು, ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ಬೀಳುತ್ತಿದ್ದರು, ರಜಾಕಾರರನ್ನು ಎದುರಿಸುತ್ತಿದ್ದರು, ಹಳ್ಳಿಗಳಿಗೆ ಧೈರ್ಯ ತುಂಬಿ ಬೆಳಗಾಗುವುದರೊಳಗೆ ಹಿಂದಿರುಗುತ್ತಿದ್ದರು. ಅವರ ಕೈಯಲ್ಲಿ ಬಂದೂಕಿತ್ತು. ಸತ್ಯಾಗ್ರಹದ ಪಾಠ ಕಲಿತವರೇ ಬಂದೂಕು ಹಿಡಿದ ಆ ಸಂಕಟವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮನೆ ಸುಡುತ್ತಿರುವವರ ಮುಂದೆ ಅವರು ಬೇರೇನು ಮಾಡಬಹುದಿತ್ತೆಂದು ನಾನು ಹಲವು ಸಲ ಕೇಳಿಕೊಂಡಿದ್ದೇನೆ. ಅವರನ್ನು ತಪ್ಪಿತಸ್ಥರೆನ್ನಲು ನನ್ನಿಂದ ಆಗಿಲ್ಲ.

ಶಿಬಿರವನ್ನು ಬಂದೂಕಿನವರಷ್ಟೇ ನಡೆಸಲಿಲ್ಲ. ಒಂದು ಶಿಬಿರ ತಿಂಗಳುಗಟ್ಟಲೆ ನಿಲ್ಲಬೇಕಾದರೆ ಊರು ಅದನ್ನು ಹೊರಬೇಕು. ಜೋಳ ಬೇಕು, ರೊಟ್ಟಿ ಬಡಿಯುವ ಕೈಗಳು ಬೇಕು, ಮಲಗಲು ಪಡಸಾಲೆ ಬೇಕು, ಗಾಯಕ್ಕೆ ಔಷಧ ಬೇಕು, ಯಾರು ಬಂದರು ಯಾರು ಹೋದರು ಎಂಬ ಸುದ್ದಿ ನಾಕಾಕ್ಕೆ ಮುಟ್ಟದ ಹಾಗೆ ಬಾಯಿ ಕಟ್ಟಿಕೊಳ್ಳುವ ಓಣಿಗಳು ಬೇಕು. ಗಡಿಯ ಈಚೆಯ ಊರುಗಳಿಗೆ ಆಗಲೇ ಸ್ವಾತಂತ್ರ್ಯ ಬಂದಾಗಿತ್ತು. ಬಾಗಿಲು ಹಾಕಿಕೊಂಡು ತಮ್ಮ ಮಗ್ಗ, ತಮ್ಮ ಅಂಗಡಿ, ತಮ್ಮ ಹೊಲ ನೋಡಿಕೊಳ್ಳಬಹುದಿತ್ತು. ಗಡಿಯ ಊರುಗಳು ಹಾಗೆ ಮಾಡಲಿಲ್ಲ. ತಮಗೆ ಬಂದ ಸ್ವಾತಂತ್ರ್ಯವನ್ನು ನೆರೆಯವರಿಗೂ ಮುಟ್ಟಿಸುವ ಕೆಲಸಕ್ಕೆ ನಿಂತವು. ನನ್ನ ಮಟ್ಟಿಗೆ ಈ ಸೀಮೆಯ ಸ್ವಾತಂತ್ರ್ಯದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅಧ್ಯಾಯ ಇಲ್ಲ. 1858ರಲ್ಲಿ ನರಗುಂದ ಎದ್ದಾಗ ಪಕ್ಕದ ಗಾದಿ ಪತ್ರ ತೋರಿಸಿತ್ತು. 1948ರಲ್ಲಿ ಪಕ್ಕದ ಸೀಮೆ ಎದ್ದಾಗ ಗಜೇಂದ್ರಗಡ, ಮುಂಡರಗಿಗಳು ಅನ್ನ ಕೊಟ್ಟವು.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸಂಸ್ಥಾನದೊಳಗೆ ಹೊಕ್ಕಿತು. ಐದನೆಯ ದಿನ, 17ರಂದು ನಿಜಾಮರು ಸೋಲೊಪ್ಪಿದರು. ನಾಕಾಗಳು ನಿಂತವು. ಊರು ಬಿಟ್ಟವರು ಗುಡ್ಡ ಇಳಿದು ಮನೆಗೆ ಹೋದರು.

ಸಂತೋಷದ ಈ ದಿನಕ್ಕೆ ಅಂಟಿದ ನೋವನ್ನೂ ಹೇಳಲೇಬೇಕು. ಸೈನ್ಯ ಬಂದ ಮೇಲಿನ ವಾರಗಳಲ್ಲಿ ಸಂಸ್ಥಾನದ ಹಲವೆಡೆ, ಅದರಲ್ಲೂ ಉಸ್ಮಾನಾಬಾದ್, ನಾಂದೇಡ, ಬೀದರ, ಕಲಬುರಗಿ ಜಿಲ್ಲೆಗಳಲ್ಲಿ, ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಮುಸ್ಲಿಂ ಕುಟುಂಬಗಳ ಮೇಲೆ ಸೇಡು ತೀರಿತು. ಇದನ್ನು ವಿಚಾರಿಸಲು ಪಂಡಿತ ಸುಂದರಲಾಲರ ಸಮಿತಿಯನ್ನು ನೆಹರೂ ಅವರೇ ಕಳಿಸಿದರು. ಅದರ ವರದಿ ಬಹಳ ವರ್ಷ ಬೆಳಕು ಕಾಣಲಿಲ್ಲ. ಬಿಡುಗಡೆಯ ದಿನ ಆಚರಿಸುವವರು ಆ ಮನೆಗಳ ಹೆಸರಿಗೂ ಒಂದು ನಿಮಿಷ ಎದ್ದು ನಿಲ್ಲಬೇಕು. ಹಾಗೆ ನಿಂತರೆ ಆಚರಣೆಯ ತೂಕ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸೆಪ್ಟೆಂಬರ್ 17 ಒಂದು ಧರ್ಮದವರು ಇನ್ನೊಂದರ ಮೇಲೆ ಗೆದ್ದ ದಿನ ಎಂದು ಯಾರಾದರೂ ಮಕ್ಕಳಿಗೆ ಹೇಳಿಕೊಟ್ಟರೆ ಅದು ಸುಳ್ಳು. ಪ್ರಜೆಗಳ ಮಾತು ಕೇಳದ ಆಳ್ವಿಕೆಯೊಂದು ಅಂದು ಮುಗಿಯಿತು.

1956ರ ನವೆಂಬರ್ 1ಕ್ಕೆ ಕುಷ್ಟಗಿ, ಯಲಬುರ್ಗಾ, ರಾಮದುರ್ಗ, ನರಗುಂದ, ರೋಣ ಎಲ್ಲವೂ ಒಂದೇ ರಾಜ್ಯಕ್ಕೆ ಬಂದವು. ದೊಡ್ಡಮೇಟಿಯವರಂಥವರು ಕಂಡ ಕನಸು ಕೈಗೂಡಿತು. ಆದರೆ ಆಚರಣೆಯಲ್ಲಿ ಹಳೆಯ ಗಡಿ ಇನ್ನೂ ಉಳಿದಿದೆ.

ಆಗಸ್ಟ್ 15ಕ್ಕೆ ಮೂರೂ ಊರುಗಳಲ್ಲಿ ತಹಶೀಲ್ದಾರರು ಧ್ವಜ ಏರಿಸುತ್ತಾರೆ, ಮಕ್ಕಳು ಕವಾಯತು ಮಾಡುತ್ತಾರೆ, ಸಿಹಿ ಹಂಚುತ್ತಾರೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಬಿಳಿ ಅಂಗಿ ನೆನೆದರೂ ಸಾಲು ಕದಲದ ಹುಡುಗರನ್ನು ನೋಡುವುದು ಒಂದು ಭಾಗ್ಯ. ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಮುಖ್ಯಮಂತ್ರಿಗಳು ಧ್ವಜ ಏರಿಸುತ್ತಾರೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂದ ಮೇಲೆ ಆ ಹಬ್ಬಕ್ಕೆ ಇನ್ನಷ್ಟು ಕಳೆ ಬಂದಿದೆ. ಕೊಪ್ಪಳ ಜಿಲ್ಲೆಯಲ್ಲಿ, ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ ಹಬ್ಬ. ಗುಡ್ಡದ ಈಚೆ ಗಜೇಂದ್ರಗಡದಲ್ಲಿ ಅದು ಮಾಮೂಲಿ ದಿನ. ಆ ಬಿಡುಗಡೆಗೆ ಶಿಬಿರ ಇಟ್ಟುಕೊಂಡು ಸಾಕಿದ ಊರಿನಲ್ಲೇ ಅದರ ಹಬ್ಬ ಇಲ್ಲ. ಜಿಲ್ಲೆ ಗದಗ, ವಿಭಾಗ ಬೆಳಗಾವಿ, ಆದ್ದರಿಂದ ಸರಕಾರದ ಸುತ್ತೋಲೆ ಇಲ್ಲಿಗೆ ಬರುವುದಿಲ್ಲ. ಬಳ್ಳಾರಿ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ಜಿಲ್ಲೆಯಲ್ಲ, ಮದ್ರಾಸ್ ಪ್ರಾಂತದಲ್ಲಿದ್ದದ್ದು. ಅಲ್ಲಿಯೂ ಸೆಪ್ಟೆಂಬರ್ 17ಕ್ಕೆ ಧ್ವಜ ಏರುತ್ತದೆ, ಏರಲಿ, ಬಹಳ ಒಳ್ಳೆಯದು. ಹಾಗಿದ್ದರೆ ಹೋರಾಟದ ಮನೆಯೇ ಆಗಿದ್ದ ಗಜೇಂದ್ರಗಡ, ಮುಂಡರಗಿಗಳಿಗೆ ಆ ಹಕ್ಕು ಇನ್ನೂ ಹೆಚ್ಚು.

ಸರಕಾರದ ಆದೇಶಕ್ಕೆ ಕಾಯಬೇಕಿಲ್ಲ. ಊರು ತನ್ನ ದಿನವನ್ನು ತಾನೇ ಇಟ್ಟುಕೊಳ್ಳಬಹುದೆಂದು ನರಗುಂದ ತೋರಿಸಿಕೊಟ್ಟಿದೆ. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದಾಗ ಗೋಲಿಬಾರಿನಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಮಡಿದರು. ನೀರು ಮುಟ್ಟದ ಹೊಲಕ್ಕೂ ಕರ ಕೇಳಿದ್ದಕ್ಕೆ ಎದ್ದ ದಂಗೆ ಅದು. ನರಗುಂದ, ನವಲಗುಂದದ ಆ ಕಿಡಿಯಿಂದ ಕರ್ನಾಟಕದಲ್ಲಿ ರೈತಸಂಘ ಹುಟ್ಟಿತು. ಅಂದಿನಿಂದ ಜುಲೈ 21ಕ್ಕೆ ಅಲ್ಲಿಯ ವೀರಗಲ್ಲಿನ ಮುಂದೆ ರೈತರು ಸೇರುತ್ತಾರೆ. ಮಹದಾಯಿ ನೀರಿನ ಮಾತು ಬಂದಾಗಲೂ ಅಲ್ಲೇ ಸೇರುತ್ತಾರೆ. ಅದಕ್ಕೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ. ನೆನಪಿಟ್ಟುಕೊಳ್ಳಬೇಕೆಂಬ ಹಟ ಮಾತ್ರ ಬೇಕಾಯಿತು.

ಧ್ವಜದ ವಿಷಯದಲ್ಲಿ ಕಾನೂನೂ ನಮ್ಮ ಪರವಾಗಿದೆ. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜ ಸಂಹಿತೆಯ ಪ್ರಕಾರ ನಾಗರಿಕರು, ಸಂಘಸಂಸ್ಥೆಗಳು, ಶಾಲೆಗಳು ವರ್ಷದ ಯಾವ ದಿನ ಬೇಕಾದರೂ ಗೌರವದಿಂದ ಧ್ವಜ ಏರಿಸಬಹುದು. ಅದು ನಾಗರಿಕರ ಹಕ್ಕೆಂದು 2004ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದಿದೆ. ಧ್ವಜಕ್ಕಾಗಿ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಪ್ರಮಾಣಬದ್ಧ ರಾಷ್ಟ್ರಧ್ವಜವನ್ನು ಹೊಲಿದು ದೇಶಕ್ಕೆಲ್ಲ ಕಳಿಸುತ್ತದೆ. ಅದರ ಬಟ್ಟೆ ನೇಯುವುದು ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ. ಧಾರವಾಡ ತಾಲೂಕಿನ ಗರಗದಲ್ಲೂ ಧ್ವಜದ ಖಾದಿ ನೇಯುತ್ತಾರೆ. 2021ರ ಡಿಸೆಂಬರಿನಲ್ಲಿ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟ ಮೇಲೆ ಈ ನೇಕಾರರ, ನೂಲುವ ಹೆಣ್ಣುಮಕ್ಕಳ ಕೆಲಸಕ್ಕೆ ಕುತ್ತು ಬಂದಿದೆ. ನೇಕಾರರ ಊರಾದ ಗಜೇಂದ್ರಗಡಕ್ಕೆ ಆ ನೋವು ಬೇಗ ಅರ್ಥವಾಗುತ್ತದೆ. ಅಗ್ಗದ ಹತ್ತು ಧ್ವಜ ಕೊಳ್ಳುವ ಬದಲು ಖಾದಿಯ ಒಂದು ಧ್ವಜ ಕೊಂಡು ಜೋಪಾನ ಮಾಡಿರೆಂದು ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ಕೈಮುಗಿದು ಕೇಳುತ್ತೇನೆ.

ಗಜೇಂದ್ರಗಡದ ಪುರಸಭೆಗೂ, ಇಲ್ಲಿಯ ಸಾಹಿತ್ಯ ಪರಿಷತ್ತಿನ ಗೆಳೆಯರಿಗೂ, ಶಾಲಾ ಕಾಲೇಜುಗಳಿಗೂ ನನ್ನ ಬೇಡಿಕೆ ಇಷ್ಟು. ಮುಂದಿನ ಸೆಪ್ಟೆಂಬರ್ 17ಕ್ಕೆ ಈ ಊರಿನಲ್ಲಿ ಧ್ವಜ ಏರಲಿ. ಕುಷ್ಟಗಿ, ಯಲಬುರ್ಗಾದಿಂದ ಶಿಬಿರದ ಹೋರಾಟಗಾರರ ಮನೆತನದವರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂಡಿಸಿರಿ. ಶಿಬಿರ ನಡೆದ ಜಾಗದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಹೆಸರಿನ ಒಂದು ಕಲ್ಲು ನಿಲ್ಲಲಿ. ಅಂದು ರೊಟ್ಟಿ ಬಡಿದ ಅಜ್ಜಿಯರ, ಪಡಸಾಲೆ ಬಿಟ್ಟುಕೊಟ್ಟ ಅಜ್ಜಂದಿರ ಮನೆಗಳಲ್ಲಿ ಏನು ಕಥೆ ಉಳಿದಿದೆಯೋ ಅದನ್ನು ಹೈಸ್ಕೂಲಿನ ಹುಡುಗ ಹುಡುಗಿಯರು ಓಣಿ ಓಣಿ ತಿರುಗಿ ಬರೆದುಕೊಳ್ಳಲಿ. ಹಳೆಯ ಕಾಗದ, ಪತ್ರ, ಫೋಟೋ ಸಿಕ್ಕರೆ ಮೊಬೈಲಿನಲ್ಲಿ ತೆಗೆದು ಶಾಲೆಯಲ್ಲಿಡಲಿ. ಆ ಕಾಲವನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವರು ತೊಂಬತ್ತರ ಅಂಚಿನಲ್ಲಿದ್ದಾರೆ. ಈ ಕೆಲಸ ಈ ವರ್ಷವೇ ಸುರುವಾಗಬೇಕು, ಮೊದಲ ದಿನ ಮಕ್ಕಳ ಜತೆ ಓಣಿ ತಿರುಗಲು ನಾನೂ ಬರುತ್ತೇನೆ.